‘ತೀರದ ಬೆಳಗು’ ಯಾರ ಪತ್ರಿಕೆ

ಯೂನಿವರ್ಸಿಟಿ ಸಿಟಿ, ಸ್ಯಾನ್ ಡಿಯಾಗೊ
ಭಾನುವಾರ, ೧೮ ನವೆಂಬರ್ ೨೦೦೭

ಪ್ರೀತಿಯ ಅಮ್ಮೀ,

ಅಸ್ಸಲಾಮು ಅಲೈಕುಂ. ಎಡಗಣ್ಣಿನ ಪಟ್ಟಿ ಬಿಚ್ಚಿದರೇ? ಹನಿಮದ್ದನ್ನು ದಿನಕ್ಕೆ ನಾಲ್ಕು ಸಲ ತಪ್ಪದೆ ಹಾಕಿಕೊಳ್ಳುತ್ತಿದ್ದೀರೋ, ಇಲ್ಲ ‘ಕಾಣ್ತಿದೆಯಲ್ಲ, ಇನ್ನೇನು’ ಎಂದು ಬಾಟಲಿಯನ್ನು ಕಿಟಕಿಯ ಮೇಲಿಟ್ಟು ಮರೆತಿದ್ದೀರೋ? ನಿಮಗೆ ಓದಲು ತ್ರಾಸವಾಗಬಾರದೆಂದು ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಒಂದೇ ಸಲ ಓದಬೇಡಿ, ದಿನಕ್ಕೆ ಎರಡು ಪುಟ ಸಾಕು. ಮನೆಯಲ್ಲಿ ದಖನಿ ಮಾತಾಡಿದರೂ ಕಾಗದವನ್ನು ಮಾತ್ರ ಕನ್ನಡದಲ್ಲಿಯೇ ಬರೆಯಬೇಕೆಂದು ನೀವು ಮಾಡಿದ ಕಾನೂನನ್ನು ಈ ಮೂವತ್ತೆಂಟನೆಯ ವಯಸ್ಸಿನಲ್ಲೂ ನಾನು ಮುರಿದಿಲ್ಲ. ಹೋದ ಕಾಗದದಲ್ಲಿ ನೀವು ಹನ್ನೊಂದು ತಪ್ಪು ಹುಡುಕಿ, ಕೆಂಪು ಇಂಕಿನಲ್ಲಿ ತಿದ್ದಿ ವಾಪಸು ಕಳಿಸಿದಿರಲ್ಲ, ನಿಯಾಜ್ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ವಾರವೆಲ್ಲ ನಕ್ಕರು. ‘ಅಲ್ಪಪ್ರಾಣ ಮಹಾಪ್ರಾಣ ನಿನಗೆ ಇನ್ನೂ ಬಂದಿಲ್ಲ, ಬೇಗಂ ಟೀಚರ್ ಮಗಳು ಅಂತ ಯಾರಾದರೂ ನಂಬ್ತಾರಾ’ ಎಂದರು.

ನಾವೆಲ್ಲ ಕ್ಷೇಮ. ಟೀವಿಯಲ್ಲಿ ಕಾಡ್ಗಿಚ್ಚು ನೋಡಿ ನೀವು ಗಾಬರಿಯಾಗಿ ಫೋನ್ ಮಾಡಿದಾಗ ಸರಿಯಾಗಿ ಮಾತಾಡಲಾಗಲಿಲ್ಲ. ನಮ್ಮ ಏರಿಯಾ ಖಾಲಿ ಮಾಡಿಸಲಿಲ್ಲ. ಕಾರಿನ ಮೇಲೆ ಬೂದಿ ಬಿತ್ತು, ಆಕಾಶ ನಾಲ್ಕು ದಿನ ಹಳಸಿದ ಚಹಾದ ಬಣ್ಣಕ್ಕಿತ್ತು, ಮರಿಯಮ್‌ಗೆ ಸ್ಕೂಲ್ ಇರಲಿಲ್ಲ, ಅಷ್ಟೇ. ಸ್ಯಾಂಟಾ ಕ್ಲಾರಿಟಾದಲ್ಲಿರುವ ನಿಯಾಜ್ ಅವರ ಚಿಕ್ಕಪ್ಪನ ಮಗ ಯಾಸಿರ್ ಮನೆಯಿಂದ ಎರಡು ಮೈಲಿಯಾಚೆ ಗುಡ್ಡ ಉರಿಯಿತು, ಆದರೆ ಅವರೂ ಸುಖವಾಗಿದ್ದಾರೆ. ಮರಿಯಮ್ ನಿಮ್ಮ ಮಾತನ್ನೆಲ್ಲ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಬೇಜಾರು ಮಾಡಿಕೊಳ್ಳಬೇಡಿ. ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿಸಿದ್ದೇನೆ. ‘ರಿ’ಯ ಗುಡಿಸನ್ನು ಬಲಕ್ಕೆ ಸುತ್ತುವ ಬದಲು ಎಡಕ್ಕೆ ಸುತ್ತುತ್ತಾಳೆ.

ಈ ಸಲ ನನ್ನ ಕೆಲಸದ ವಿಷಯ ಬರೆಯಬೇಕು. ‘ಲೈಬ್ರರಿ ಸೈನ್ಸ್ ಓದಿ ಲಾಯರ್ ಆಫೀಸಿನಲ್ಲಿ ಏನು ಮಾಡ್ತೀಯ’ ಎಂದು ನೀವು ಕೇಳಿದಾಗಲೆಲ್ಲ ‘ಹಳೇ ಕಾಗದ ಜೋಡಿಸ್ತೀನಿ’ ಎಂದು ಜಾರಿಕೊಂಡಿದ್ದೇನೆ. ಕೆಲಸ ನಿಜವಾಗಿಯೂ ಅದೇ. ಜುಲೈಯಲ್ಲಿ ನಮ್ಮ ಆಫೀಸಿನ ದೊಡ್ಡ ಲಾಯರ್ ಮಿಸೆಸ್ ಕೆಸ್ಲರ್ ನನ್ನನ್ನು ಕರೆದು, ಒಂದು ಚೀನೀ ಭಾಷೆಯ ಪತ್ರಿಕಾ ಸಂಸ್ಥೆ ಮಾರಾಟಕ್ಕಿದೆ, ಮಾರುವವರ ಕಡೆಯ ಲಾಯರ್‌ಗಳು ನಾವು, ಅದು ಹುಟ್ಟಿದಾಗಿನಿಂದ ಇಂದಿನವರೆಗೆ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದನ್ನು ಒಂದೂ ಬಿಡದೆ ಪಟ್ಟಿ ಮಾಡಿಕೊಡು ಎಂದರು. ಕೊಳ್ಳುವವರು ಕೇಳುವುದು ಒಂದೇ ಪ್ರಶ್ನೆ: ಇದು ನಿಜವಾಗಿ ಮಾರುವವನದೇ ತಾನೇ? ಹಾಗಾಗಿ ವಾರಕ್ಕೆ ಮೂರು ದಿನ ಬೆಳಗಿನ ರೈಲು ಹಿಡಿದು ಲಾಸ್ ಏಂಜಲಿಸ್‌ಗೆ, ಅಲ್ಲಿಂದ ಬಸ್ಸಿನಲ್ಲಿ ಮಾಂಟೆರೆ ಪಾರ್ಕ್‌ಗೆ ಹೋಗುತ್ತಿದ್ದೆ. ಆ ಊರಿನ ಅಂಗಡಿಯ ಬೋರ್ಡುಗಳು ಅರ್ಧಕ್ಕರ್ಧ ಚೀನೀ ಅಕ್ಷರದಲ್ಲಿವೆ. ನನಗೆ ಒಂದಕ್ಷರವೂ ಬಾರದು. ಅಮ್ಮೀ, ಓದು ಬಾರದವರಿಗೆ ಪೇಟೆಯಲ್ಲಿ ಹೇಗನ್ನಿಸುತ್ತದೆ ಎಂಬುದು ಅಲ್ಲಿ ತಿಳಿಯಿತು. ಆದರೆ ಪತ್ರಿಕೆಯ ಆಫೀಸಿನೊಳಗೆ ಕಾಲಿಟ್ಟ ಕೂಡಲೇ ಇಂಕಿನ ವಾಸನೆ ಬಂತು. ಮಂಡಿ ಮೊಹಲ್ಲಾದ ನಮ್ಮದೇ ಸಿತಾರಾ ಪ್ರೆಸ್ಸಿನ ವಾಸನೆ.

ಪತ್ರಿಕೆಯ ಹೆಸರಿಗೆ ನಮ್ಮಲ್ಲಿ ಹೇಳಬೇಕಾದರೆ ‘ತೀರದ ಬೆಳಗು’ ಎಂದರ್ಥ. ಈಗ ಅದು ಒಂದು ಪತ್ರಿಕೆಯಲ್ಲ, ಒಂದು ಸಂಸಾರ. ಲಾಸ್ ಏಂಜಲಿಸ್‌ನ ದಿನಪತ್ರಿಕೆ, ಸ್ಯಾನ್ ಡಿಯಾಗೊದ ವಾರಪತ್ರಿಕೆ, ಚೀನೀ ಅಂಗಡಿ ಡಾಕ್ಟರುಗಳ ವಿಳಾಸ ಕೊಡುವ ದಪ್ಪ ಡೈರೆಕ್ಟರಿ, ಇವನ್ನೆಲ್ಲ ಅಚ್ಚು ಹಾಕುವ ಸ್ವಂತ ಪ್ರೆಸ್ಸು. ಎಲ್ಲ ಶುರುವಾದದ್ದು ಮಾತ್ರ ೧೯೭೯ರಲ್ಲಿ, ಇಲ್ಲೇ ಸ್ಯಾನ್ ಡಿಯಾಗೊದ ಒಂದು ಅಡುಗೆಮನೆಯಲ್ಲಿ. ತೈವಾನಿನಿಂದ ಬಂದ ಗಾವ್ ಎಂಬ ಸರ್ವೇಯರ್, ಅವರ ಹೆಂಡತಿ ಲಿನ್ ಶುಫೆನ್, ಹಾಂಗ್‌ಕಾಂಗಿನ ಸ್ನೇಹಿತ ತಾಮ್, ಈ ಮೂವರೇ ಶುರು ಮಾಡಿದ್ದು. ಇವರ ಬೀದಿಯಲ್ಲಿದ್ದ ಒಬ್ಬ ಹೋಟೆಲ್ ಅಡುಗೆಯವನಿಗೆ ಇಮಿಗ್ರೇಶನ್‌ನವರಿಂದ ಕಾಗದ ಬಂದಿತ್ತಂತೆ. ಓದಲು ಬಾರದೆ ಡ್ರಾಯರಿನಲ್ಲಿಟ್ಟ, ತಾರೀಖು ಮೀರಿಹೋಯಿತು, ವಾಪಸು ಕಳಿಸಿಬಿಟ್ಟರು. ಅದಾದ ವಾರ ಈ ಮೂವರು ಕೂತು ನಾಲ್ಕು ಪುಟದ ಪತ್ರಿಕೆ ಮಾಡಿದರು. ಚೀನೀ ಅಚ್ಚುಮೊಳೆ ಇರಲಿಲ್ಲ, ಟೈಪ್‌ರೈಟರೂ ಇರಲಿಲ್ಲ. ನಾಲ್ಕು ಪುಟವನ್ನೂ ಲಿನ್ ತಮ್ಮ ಕೈಯಾರೆ ಬರೆದರು. ಗಾವ್ ಕಾಪಿ ಮಾಡಿಸಿ ತಂದರು, ತಾಮ್ ಅಂಗಡಿ ಅಂಗಡಿಗೆ ಹಂಚಿದರು. ಮೂರು ವರ್ಷ ಪತ್ರಿಕೆ ಬಂದದ್ದು ಲಿನ್ ಅವರ ಕೈಬರಹದಲ್ಲಿ. ೧೯೮೩ರಲ್ಲಿ ಮೂವರ ಹೆಸರಿನಲ್ಲಿ ಕಂಪನಿ ರಿಜಿಸ್ಟರ್ ಆಯಿತು, ಎರಡು ವರ್ಷದ ಮೇಲೆ ಲಾಸ್ ಏಂಜಲಿಸ್ ಆವೃತ್ತಿ ಬಂತು. ಎಂಬತ್ತೊಂಬತ್ತರಲ್ಲಿ ತಾಮ್ ತಮ್ಮ ಪಾಲನ್ನು ಗಾವ್‌ಗೆ ಬಿಟ್ಟುಕೊಟ್ಟು ಹಾಂಗ್‌ಕಾಂಗಿಗೆ ಹೊರಟುಹೋದರು. ತೊಂಬತ್ತನಾಲ್ಕರಲ್ಲಿ ಎಲ್ಲವನ್ನೂ ಒಂದೇ ಸಂಸ್ಥೆಯಾಗಿ ಕಟ್ಟಿದರು. ಹೋದ ವರ್ಷದ ಹಿಂದಿನ ವರ್ಷ, ನಮ್ಮ ಅಬ್ಬಾ ಹೋದ ವರ್ಷವೇ, ಗಾವ್ ತೀರಿಕೊಂಡರು. ಎಲ್ಲವೂ ವಿಲ್ಲಿನಂತೆ ಒಬ್ಬನೇ ಮಗ ರೇಮಂಡ್‌ಗೆ ಬಂತು, ಅವನು ಹಲ್ಲಿನ ಡಾಕ್ಟರ್. ಪತ್ರಿಕೆ ನಡೆಸುವ ಆಸೆ ಅವನಿಗಿರಲಿಲ್ಲ, ಮಾರುವವನು ಅವನೇ. ಕೊಳ್ಳುವ ಕಂಪನಿಗೆ ಬೇಕಾಗಿದ್ದುದು ಲಾಸ್ ಏಂಜಲಿಸ್ ಮಾತ್ರ. ಸ್ಯಾನ್ ಡಿಯಾಗೊದ ವಾರಪತ್ರಿಕೆಯನ್ನು ಡಿಸೆಂಬರಿನಲ್ಲಿ ಮುಚ್ಚುವುದೆಂದು ತೀರ್ಮಾನವಾಗಿತ್ತು.

ಹಳೆಯ ತಾರೀಖುಗಳನ್ನು ಕೇಳಿ ತಿಳಿಯಲು ಆಗಸ್ಟಿನಲ್ಲಿ ನನ್ನನ್ನು ಲಿನ್ ಅವರ ಬಳಿಗೆ ಕಳಿಸಿದರು. ಕಾನ್ವಾಯ್ ಸ್ಟ್ರೀಟಿನಲ್ಲಿ ನೂಡಲ್ ಹೋಟೆಲಿನ ಮಹಡಿಯ ಮೇಲೆ ಎರಡು ಕೋಣೆಯ ಆಫೀಸು. ಎಪ್ಪತ್ತೆರಡು ವಯಸ್ಸು, ನಿಮಗಿಂತ ಗೇಣು ಕುಳ್ಳು, ಕುತ್ತಿಗೆಯಲ್ಲಿ ದಾರ ಕಟ್ಟಿದ ಕನ್ನಡಕ. ಎಲ್ಲರೂ ಅವರನ್ನು ‘ಲಿನ್ ಲಾವ್ಷಿ’ ಎನ್ನುತ್ತಾರೆ. ಲಾವ್ಷಿ ಎಂದರೆ ಮೇಷ್ಟ್ರು. ನಾನು ಆಂಟಿ ಎಂದೆ, ಬೇಡವೆನ್ನಲಿಲ್ಲ. ಈಗಲೂ ಕೊನೆಯ ಪ್ರೂಫ್ ಅವರೇ ನೋಡುತ್ತಾರೆ, ಅದೂ ಕೆಂಪು ಪೆನ್ನಿನಲ್ಲಿ. ಹೋದಾಗಲೆಲ್ಲ ಊಟ ಮಾಡಿಸದೆ ಬಿಡುತ್ತಿರಲಿಲ್ಲ. ನಾನು ಹಂದಿ ತಿನ್ನುವುದಿಲ್ಲವೆಂದು ಗೊತ್ತಾದ ಮೇಲೆ ಕೆಳಗಿನ ಹೋಟೆಲಿನವನಿಗೆ ಹೇಳಿ ನನಗಾಗಿ ಬೇರೆ ಬಾಣಲೆಯಲ್ಲಿ ಸೊಪ್ಪು ಮೊಟ್ಟೆ ಮಾಡಿಸುತ್ತಿದ್ದರು, ಅವನು ಸರಿಯಾಗಿ ತೊಳೆದಿದ್ದಾನೋ ಇಲ್ಲವೋ ಎಂದು ತಾವೇ ಇಳಿದು ಹೋಗಿ ನೋಡುತ್ತಿದ್ದರು. ಪತ್ರಿಕೆಯ ಇತಿಹಾಸವನ್ನೆಲ್ಲ ಹೇಳಿದರು. ಎಲ್ಲ ವಾಕ್ಯಗಳೂ ‘ನಮ್ಮ ಯಜಮಾನರು’ ಎಂದೇ ಶುರುವಾಗುತ್ತಿದ್ದವು. ‘ನಿಮ್ಮ ಪಾಲು ಏನಿತ್ತು ಆಂಟಿ’ ಎಂದು ಕೇಳಿದ್ದಕ್ಕೆ ಕೈಯಾಡಿಸಿ, ‘ನಂದೇನಿದೆ, ನಾನು ಬರೀ ಬರೆದುಕೊಟ್ಟೆ’ ಎಂದರು. ಅಮ್ಮೀ, ಈ ಮಾತನ್ನು ನಾನು ಮೊದಲೇ ಎಲ್ಲೋ ಕೇಳಿದ್ದೆ. ‘ಪ್ರೆಸ್ಸು ನಿಮ್ಮಬ್ಬಾದು, ನಾನು ಬರೀ ಪ್ರೂಫ್ ನೋಡ್ದೆ’ ಎಂದು ನೀವು ಹೇಳುತ್ತಿದ್ದುದು. ಬೆಳಗ್ಗೆ ಸ್ಕೂಲು, ಸಾಯಂಕಾಲ ಪ್ರೆಸ್ಸು. ಮದುವೆ ಕಾಗದದಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಇಡೀ ಕಟ್ಟನ್ನು ನಿಲ್ಲಿಸುತ್ತಿದ್ದಿರಿ. ಅಬ್ಬಾ ಮುನಿಸಿಕೊಂಡರೂ ಕೇಳುತ್ತಿರಲಿಲ್ಲ.

ಅಕ್ಟೋಬರಿನಲ್ಲಿ, ಈದ್ ಕಳೆದ ವಾರ, ಮಾಂಟೆರೆ ಪಾರ್ಕಿನ ಪೆಟ್ಟಿಗೆಯೊಂದರಲ್ಲಿ ನನಗೆ ಕಂಪನಿಯ ಷೇರು ಸರ್ಟಿಫಿಕೇಟುಗಳ ಪುಸ್ತಕ ಸಿಕ್ಕಿತು. ನಾವು ಅಚ್ಚು ಹಾಕುತ್ತಿದ್ದ ಬಿಲ್‌ಬುಕ್ಕಿನ ಹಾಗೆಯೇ ಇತ್ತು: ಹರಿದು ಕೊಡುವ ಭಾಗ ಒಂದು, ಪುಸ್ತಕದಲ್ಲೇ ಉಳಿಯುವ ಕೌಂಟರ್‌ಫಾಯಿಲ್ ಒಂದು, ನಡುವೆ ತೂತಿನ ಸಾಲು. ಒಂದನೇ ನಂಬರು ಗಾವ್, ಎರಡನೇ ನಂಬರು ಲಿನ್ ಶುಫೆನ್, ಮೂರನೇ ನಂಬರು ತಾಮ್, ಮೂವರಿಗೂ ಸಮಪಾಲು. ತಾಮ್ ಬಿಟ್ಟುಹೋದಾಗ ಅವರ ಸರ್ಟಿಫಿಕೇಟನ್ನು ವಾಪಸು ಪಡೆದು, ರದ್ದು ಎಂದು ಮೊಹರು ಹಾಕಿ ಅದರ ಜಾಗದಲ್ಲೇ ಅಂಟಿಸಿದ್ದರು. ಗಾವ್ ಅವರದನ್ನೂ ತೊಂಬತ್ತನಾಲ್ಕರಲ್ಲಿ ಹಾಗೆಯೇ ಅಂಟಿಸಿ, ಹೊಸ ಸಂಸ್ಥೆಯ ಹೊಸ ಸರ್ಟಿಫಿಕೇಟು ಕೊಟ್ಟಿದ್ದರು. ಎರಡನೇ ನಂಬರಿನ ಎದುರು ಮಾತ್ರ ಏನೂ ಇರಲಿಲ್ಲ. ಹರಿದು ಕೊಟ್ಟದ್ದು ವಾಪಸು ಬಂದೇ ಇಲ್ಲ. ಆಂಟಿ ತಮ್ಮ ಪಾಲನ್ನು ಯಾರಿಗೂ ಕೊಟ್ಟ ಸಹಿ ಯಾವ ಪೆಟ್ಟಿಗೆಯಲ್ಲೂ ಇರಲಿಲ್ಲ. ಆದರೂ ತೊಂಬತ್ತನಾಲ್ಕರ ಕಾಗದದಲ್ಲಿ ಎಲ್ಲವೂ ಗಾವ್ ಅವರದೆಂದೇ ಬರೆದಿತ್ತು. ಬೇರೆಯವರಾಗಿದ್ದರೆ ಪುಟ ಮಗುಚುತ್ತಿದ್ದರೇನೋ. ಬಿಲ್‌ಬುಕ್ಕುಗಳ ನಂಬರು ಎಣಿಸುತ್ತ ಬೆಳೆದವಳು ನಾನು, ಹೇಗೆ ಬಿಡಲಿ? ಮೂರು ಸಲ ಎಣಿಸಿದೆ.

ಆಫೀಸಿನಲ್ಲಿ ನನ್ನ ಮೇಲಿನವನೊಬ್ಬ, ಹಳೇ ಕಾಗದ ಕಳೆದುಹೋಗಿರುತ್ತೆ, ‘ಇತರೆ’ಯಲ್ಲಿ ಸೇರಿಸಿಬಿಡು ಎಂದ. ನನಗೆ ಒಪ್ಪಿಗೆಯಾಗಲಿಲ್ಲ. ನೇರವಾಗಿ ಮಿಸೆಸ್ ಕೆಸ್ಲರ್ ಟೇಬಲ್ಲಿನ ಮೇಲಿಟ್ಟೆ. ಅವರು ನೋಡಿ, ‘ಇರೋದನ್ನ ಇದೆ ಅಂತ ಬರಿ’ ಎಂದರು, ರೇಮಂಡ್‌ಗೆ ಅವತ್ತೇ ಫೋನ್ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, ‘ಈ ಮಾತು ಅವನು ಅವರಮ್ಮನಿಗೆ ಹೇಳಬೇಕು. ನೀನು ಒಂದಕ್ಷರ ಹೇಳೋ ಹಾಗಿಲ್ಲ, ಹೇಳಿದರೆ ಕೆಲಸ ಹೋಗುತ್ತೆ’ ಎಂದರು. ರೇಮಂಡ್ ಒಂದು ವಾರ ಟೈಮ್ ಕೇಳಿದನಂತೆ. ಅದು ಶುಕ್ರವಾರ. ಭಾನುವಾರ ಬೆಂಕಿ ಹೊತ್ತಿತು.

ಸೋಮವಾರ ಬೆಳಗ್ಗೆ ಆರಕ್ಕೆ ಲಿನ್ ಆಂಟಿಯ ಫೋನ್ ಬಂತು. ‘ನಿನ್ನ ಹತ್ತಿರ ಕಾರಿದೆಯಲ್ಲ, ಬಾ. ನಿನಗೆ ಇಂಗ್ಲಿಷ್ ರೇಡಿಯೋ ಬೇಗ ಅರ್ಥವಾಗುತ್ತೆ’ ಎಂದರು. ಮನೆ ಖಾಲಿ ಮಾಡಿ ಎಂದು ಸರ್ಕಾರದವರು ಮನೆಮನೆಗೆ ರೆಕಾರ್ಡ್ ಮಾಡಿದ ಫೋನ್ ಬಿಡುತ್ತಿದ್ದರು, ಬರೀ ಇಂಗ್ಲಿಷಿನಲ್ಲಿ. ಮಕ್ಕಳ ಜೊತೆ ಇರಲು ಬಂದ ಎಷ್ಟೋ ಚೀನೀ ಮುದುಕ ಮುದುಕಿಯರಿಗೆ ಅದು ತಿಳಿಯದು. ಪತ್ರಿಕೆ ಅಚ್ಚಾಗಿ ಬರುವುದು ಶುಕ್ರವಾರ, ಅದೂ ಲಾಸ್ ಏಂಜಲಿಸ್‌ನಿಂದ. ಅಷ್ಟು ಹೊತ್ತು ಯಾರು ಕಾಯುತ್ತಾರೆ? ನಾನು ರೇಡಿಯೋ ಕೇಳಿ, ಯಾವ ಯಾವ ಬಡಾವಣೆ ಬಿಡಬೇಕು, ಯಾವ ರಸ್ತೆ ಮುಚ್ಚಿದೆ, ಎಲ್ಲಿಗೆ ಹೋಗಬೇಕು ಎಂದು ಸಣ್ಣ ಸಣ್ಣ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಆಂಟಿ ಬಿಳಿ ಹಾಳೆಯ ಮೇಲೆ ಬ್ರಷ್ ಪೆನ್ನಿನಲ್ಲಿ, ದೂರದಿಂದಲೂ ಓದುವಷ್ಟು ದಪ್ಪಕ್ಕೆ ಬರೆದರು. ಪಕ್ಕದ ಕಾಪಿ ಅಂಗಡಿಯಲ್ಲಿ ಕಾಪಿ ಮಾಡಿಸಿ ದಿನಸಿ ಅಂಗಡಿ, ಹೋಟೆಲು, ಚರ್ಚು, ಕೊನೆಗೆ ಜನ ಸೇರಿದ್ದ ಸ್ಟೇಡಿಯಮ್ಮಿನ ಗೇಟಿನವರೆಗೂ ಹಂಚಿದೆವು. ಪಟ್ಟಿ ಬದಲಾದ ಹಾಗೆಲ್ಲ ಹೊಸ ಹಾಳೆ. ಮಂಗಳವಾರ ಸಂಜೆಯ ಹೊತ್ತಿಗೆ ಎಂಟು ಹಾಳೆ ಬರೆದಿದ್ದರು. ಸೋಮವಾರ ಮಧ್ಯಾಹ್ನ ತರಕಾರಿ ಅಂಗಡಿಯಲ್ಲಿ ಪೆನಸ್ಕಿಟೋಸ್ ಬಡಾವಣೆಯ ಒಬ್ಬ ಮುದುಕ ಸೊಪ್ಪಿನ ಕಟ್ಟು ಹಿಡಿದು ನಿಂತು ಹಾಳೆ ಓದುತ್ತಿದ್ದ. ಬೆಳಗ್ಗೆ ಬಂದ ಫೋನನ್ನು ಏನೋ ಮಾರುವವರದೆಂದು ಇಟ್ಟುಬಿಟ್ಟಿದ್ದನಂತೆ. ಹೆಂಡತಿ ಮನೆಯಲ್ಲಿ ಮಲಗಿದ್ದಾಳೆ ಎಂದ. ಸೊಪ್ಪು ಅಲ್ಲೇ ಬಿತ್ತು. ಅಂಗಡಿಯವನೇ ತನ್ನ ವ್ಯಾನಿನಲ್ಲಿ ಕರೆದುಕೊಂಡು ಹೋಗಿ ಆಕೆಯನ್ನು ಕರೆತಂದ. ಅವರ ಬೀದಿಯಲ್ಲಿ ಆರು ಮನೆ ಸುಟ್ಟುಹೋದವು.

ಆ ಎರಡು ದಿನ ಅವರ ಪಕ್ಕದಲ್ಲೇ ಕೂತಿದ್ದೆ. ಮಾತು ನಾಲಿಗೆಯ ತುದಿಗೆ ಬಂದು ಬಂದು ಹೋಗುತ್ತಿತ್ತು. ಮಂಗಳವಾರ ಕಾರಿನಲ್ಲಿ, ‘ಡಿಸೆಂಬರ್ ಆದಮೇಲೆ ಇಂಥದ್ದು ಬಂದರೆ ಯಾರು ಬರೀತಾರೋ’ ಎಂದು ಆಂಟಿ ತಮ್ಮಷ್ಟಕ್ಕೆ ಅಂದುಕೊಂಡರು. ಮನೆಗೆ ಬಂದು ನಿಯಾಜ್ ಮುಂದೆ ಅತ್ತೆ. ‘ಹೇಳಿಬಿಡು, ಕೆಲಸ ಹೋದರೆ ಹೋಗಲಿ’ ಎಂದರು. ಶುಕ್ರವಾರದವರೆಗೆ ಮಗ ಹೇಳದಿದ್ದರೆ ನಾನೇ ಹೇಳುವುದೆಂದು ನಿಶ್ಚಯ ಮಾಡಿದೆ.

ಬುಧವಾರ ಮಧ್ಯಾಹ್ನ ನಾನು ಆಂಟಿಯ ಆಫೀಸಿನಲ್ಲಿದ್ದಾಗ ರೇಮಂಡ್ ತಾನೇ ಬಂದ. ಬೆಂಕಿಯ ದಿನಗಳಲ್ಲಿ ಅಮ್ಮ ಫೋನ್ ಎತ್ತಿರಲಿಲ್ಲವೆಂದು ಹೆದರಿದ್ದ. ಆಂಟಿ ಆಫೀಸಿನ ಕುರ್ಚಿಯಲ್ಲೇ ನಿದ್ದೆಹೋಗಿದ್ದರು, ಬೆರಳುಗಳೆಲ್ಲ ಕಪ್ಪಾಗಿದ್ದವು. ಅವನ ಕೈಯಲ್ಲೊಂದು ಕವರು. ನಮ್ಮ ಆಫೀಸಿಗೆ ತಿಳಿಸದೆ ಬೇರೆ ಎಲ್ಲೋ ಬರೆಸಿಕೊಂಡು ಬಂದಿದ್ದ ಕಾಗದ ಅದು. ನಾನು ಎದ್ದು ಹೊರಡಬೇಕೆಂದಾಗ ಆಂಟಿ ಕಣ್ಣು ಬಿಟ್ಟು, ‘ನೀನು ಕೂತ್ಕೊ, ಇನ್ನೂ ಊಟ ಮಾಡಿಲ್ಲ’ ಎಂದರು. ಸಹಿ ಹಾಕಬೇಕು, ಮಾಮೂಲಿ ಕಾಗದ ಎಂದು ಮಗ ಇಂಗ್ಲಿಷಿನಲ್ಲಿ ಹೇಳಿದ. ‘ನನಗೆ ಕಾನೂನಿನ ಇಂಗ್ಲಿಷ್ ಬರಲ್ಲ, ಓದಿ ಹೇಳು’ ಎಂದರು ತಾಯಿ. ಅವನು ಓದತೊಡಗಿದ. ‘ಲಿನ್ ಶುಫೆನ್ ಆದ ನನಗೆ ಈ ಪತ್ರಿಕೆಯಲ್ಲಿ ಯಾವ ಕಾಲದಲ್ಲಿಯೂ ಯಾವ ಪಾಲೂ ಇರಲಿಲ್ಲವೆಂದು…’ ಅಲ್ಲಿಗೆ ಅವನ ದನಿ ನಿಂತಿತು. ಟೇಬಲ್ಲಿನ ಮೇಲೆ ಎಂಟು ಹಾಳೆಗಳೂ ಹರಡಿದ್ದವು. ಮತ್ತೆ ಅದೇ ಸಾಲನ್ನು ಶುರು ಮಾಡಿದ, ಮತ್ತೆ ನಿಂತ. ಅಮ್ಮೀ, ಅವನು ಕೆಟ್ಟವನಲ್ಲ. ಹದಿಮೂರನೇ ವಯಸ್ಸಿನಲ್ಲಿ ಅಡುಗೆಮನೆಯ ಮೇಜಿನ ಮೇಲೆ ಅದೇ ಅಮ್ಮ ಬರೆದ ಪುಟಗಳನ್ನು ಮಡಿಚಿದವನು. ಕಾಗದ ಕೆಳಗಿಟ್ಟು, ‘ಅಮ್ಮ, ಇದು ಸುಳ್ಳು’ ಎಂದ.

ಆಂಟಿ ಎದ್ದು ಕಪಾಟಿನಿಂದ ಒಂದು ದಪ್ಪ ನಿಘಂಟನ್ನು ತಂದು, ಅದರ ನಡುವಿನಿಂದ ಎರಡನೇ ನಂಬರಿನ ಸರ್ಟಿಫಿಕೇಟು ತೆಗೆದು ಮಗನ ಮುಂದಿಟ್ಟರು. ಇಪ್ಪತ್ತನಾಲ್ಕು ವರ್ಷದಿಂದ ಅಲ್ಲೇ ಇತ್ತು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಮಗ ಕೇಳಿದ. ‘ನಿಮ್ಮಪ್ಪ ಕೇಳಿದ್ದರೆ ಕೊಡ್ತಿದ್ದೆ, ಕೇಳಲಿಲ್ಲ. ನೀನು ಕೇಳಿದ್ದರೂ ಕೊಡ್ತಿದ್ದೆ. ನನ್ನದು ಅಂತ ಗೊತ್ತಿದ್ದು ಕೇಳಬೇಕಿತ್ತು’ ಎಂದರು. ಜಗಳವಾಡಲಿಲ್ಲ, ದನಿಯೇರಿಸಲಿಲ್ಲ. ರೇಮಂಡ್ ಒಂದು ಹಾಳೆ ಎತ್ತಿ ನನ್ನ ಕಡೆ ಹಿಡಿದು, ‘ಇದರಲ್ಲಿ ಏನು ಬರೆದಿದೆ? ನನಗೆ ಅರ್ಧಕ್ಕರ್ಧ ಓದಲು ಬರಲ್ಲ’ ಎಂದ. ಅವನು ಹುಟ್ಟಿದ್ದು ಇಲ್ಲಿ. ಅಮ್ಮನ ಪತ್ರಿಕೆಯನ್ನು ಮಡಿಚಿದ್ದ, ಓದಿರಲಿಲ್ಲ. ‘ನನಗೆ ಒಂದಕ್ಷರವೂ ಬರಲ್ಲ, ನಾನು ರೇಡಿಯೋ ಕೇಳಿದವಳು’ ಎಂದೆ. ಆಂಟಿ ಕನ್ನಡಕ ಏರಿಸಿ ಎಂಟು ಹಾಳೆಗಳನ್ನೂ ನಮ್ಮಿಬ್ಬರಿಗೆ ಓದಿ ಹೇಳಿದರು.

ಮುಂದಿನದೆಲ್ಲ ಲಾಯರ್‌ಗಳ ಕೆಲಸ. ಆಂಟಿಗೆ ಬೇರೆ ಲಾಯರ್ ಬೇಕೆಂದು ಮಿಸೆಸ್ ಕೆಸ್ಲರ್ ತಾವೇ ಪಟ್ಟು ಹಿಡಿದರು. ಲಾಸ್ ಏಂಜಲಿಸ್ ಪತ್ರಿಕೆ, ಡೈರೆಕ್ಟರಿ, ಪ್ರೆಸ್ಸು ಮಾರಾಟವಾಗುತ್ತವೆ. ಅದಕ್ಕೆ ಆಂಟಿ ತಾವಾಗಿಯೇ ಸಹಿ ಹಾಕಿದರು, ಓದಿಸಿಕೊಂಡು. ಸ್ಯಾನ್ ಡಿಯಾಗೊದ ವಾರಪತ್ರಿಕೆ ಅವರ ಪಾಲಿಗೆ ಉಳಿಯಿತು. ಮೊನ್ನೆ ಶುಕ್ರವಾರದ ಸಂಚಿಕೆಯಲ್ಲಿ ‘ಮಾಲೀಕರು ಮತ್ತು ಪ್ರಕಾಶಕರು’ ಎಂಬಲ್ಲಿ ಮೊದಲ ಸಲ ಅವರ ಹೆಸರು ಬಂದಿದೆ. ಅದು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದರು. ಮೂರು ಅಕ್ಷರ ಅಷ್ಟೇ. ಆ ಪುಟವನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ, ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದ್ದೇನೆ. ಇದನ್ನೆಲ್ಲ ಬರೆಯಬಹುದೇ ಎಂದು ಅವರನ್ನೇ ಕೇಳಿದೆ. ‘ನಿಮ್ಮಮ್ಮನಿಗಾ? ಬರಿ’ ಎಂದರು. ನೀವೂ ಪ್ರೂಫ್ ನೋಡುವವರೆಂದು ಅವರಿಗೆ ಗೊತ್ತು. ನಿಮ್ಮ ಊರಿನ ಭಾಷೆಯಲ್ಲಿ ಎಷ್ಟು ಅಕ್ಷರ ಎಂದು ಕೇಳಿ, ನಾನು ಹೇಳಿದಾಗ, ಇಷ್ಟೇನಾ ಎಂದು ನಕ್ಕರು. ಒತ್ತಕ್ಷರದ ವಿಷಯ ನಾನು ಹೇಳಲಿಲ್ಲ.

ಚಳಿಗೆ ಕಾಲುಚೀಲ ಹಾಕಿಕೊಂಡು ಮಲಗಿ. ಬಿಸಿಲಿನಲ್ಲಿ ಹೊರಗೆ ಹೋಗುವಾಗ ಕಪ್ಪು ಕನ್ನಡಕ ಮರೆಯಬೇಡಿ. ಪಕ್ಕದ ಮನೆಯ ಶಿವಕ್ಕನಿಗೆ ನನ್ನ ನಮಸ್ಕಾರ ತಿಳಿಸಿ, ಆಸ್ಪತ್ರೆಗೆ ನಿಮ್ಮ ಜೊತೆ ಬಂದದ್ದಕ್ಕೆ ನಾನು ಅವರಿಗೆ ಋಣಿ. ನಿಯಾಜ್ ಸಲಾಂ ಹೇಳಿದ್ದಾರೆ, ಮರಿಯಮ್‌ಳ ಮುತ್ತು. ನಿಮ್ಮ ದುಆದಲ್ಲಿ ನಮ್ಮನ್ನೂ ಇಟ್ಟುಕೊಳ್ಳಿ, ನಿಮ್ಮ ನೆರಳು ನಮ್ಮ ಮೇಲೆ ಬಹುಕಾಲ ಇರಲಿ.

ನಿಮ್ಮ ಮಗಳು,
ತಹ್ರೀಮ್

ಮರೆತೆನೆಂದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡೆ: ಹೋದ ವಾರ ಫೋನಿನಲ್ಲಿ ಮುಜ್ತಬಾ ಭಾಯಿಜಾನ್ ಹೇಳಿದರು, ಪ್ರೆಸ್ಸಿನ ಜಾಗವನ್ನು ತಮ್ಮ ಹೆಸರಿಗೆ ಮಾಡಿಕೊಳ್ಳುವ ಕಾಗದಕ್ಕೆ ಬಕ್ರೀದ್ ಮೊದಲು ನಿಮ್ಮ ಸಹಿ ಹಾಕಿಸುತ್ತಾರಂತೆ. ನೀವು ಹಿಂದಿನಿಂದ ‘ನಂದೇನಿದೆ ಅದರಲ್ಲಿ, ಹಾಕ್ತೀನಿ’ ಎಂದದ್ದು ಕೇಳಿಸಿತು. ಅಲ್ಲಿ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದರು, ಅದಕ್ಕೇ ಏನೂ ಹೇಳಲಿಲ್ಲ. ಅಮ್ಮೀ, ಆ ಜಾಗದ ಪತ್ರದಲ್ಲಿ ಎರಡು ಹೆಸರಿವೆ, ಒಂದು ನಿಮ್ಮದು. ಅಬ್ಬಾ ನನಗೆ ಒಂದು ಸಲ ತೋರಿಸಿದ್ದರು. ಭಾಯಿಜಾನ್ ನಿಮ್ಮ ಮಗ, ಮೋಸ ಮಾಡುವವರಲ್ಲ, ಅವರಿಗೂ ಗೊತ್ತಿಲ್ಲದಿರಬಹುದು. ನಾನೂ ಮರಿಯಮ್ಮೂ ಡಿಸೆಂಬರ್ ಹದಿನೇಳರಂದು ಮೈಸೂರಿಗೆ ಬರುತ್ತೇವೆ, ಟಿಕೆಟ್ ಆಗಿದೆ. ಅಲ್ಲಿಯವರೆಗೆ ಪೆನ್ನಿನ ಕ್ಯಾಪ್ ತೆಗೆಯಬೇಡಿ. ಆಮೇಲೆ ನೀವು ಭಾಯಿಜಾನ್‌ಗೆ ಎಲ್ಲವನ್ನೂ ಕೊಟ್ಟರೂ ನನಗೆ ಸಂತೋಷವೇ. ನಿಮ್ಮದು ಎಂದು ಹೇಳಿ ಕೊಡಿ.